ಪೊರಕೆ ಬಸ್ಸಿನ ಮುಂದೆ

ಏಪ್ರಿಲ್ 6

ಅಪ್ಪನಿಗೆ,

ಕವರಿನ ಮೇಲೆ ನಿನ್ನ ಹೆಸರು ನೋಡಿ ಅಮ್ಮ ತನ್ನ ಕಣ್ಣನ್ನೇ ನಂಬಿರುವುದಿಲ್ಲ. ಮೂರು ವರ್ಷದಿಂದ ಭಾನುವಾರದ ಫೋನು ಅವಳಿಗೆ ಮಾತ್ರ. ನೀನು ಹಿಂದಿನಿಂದ "ಊಟ ಆಯ್ತಂತಾ ಕೇಳು" ಅನ್ನುತ್ತೀಯ, ನಾನು "ಆಯ್ತು ಅನ್ನು" ಅನ್ನುತ್ತೇನೆ, ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿಯುತ್ತದೆ. ಬರೆದರೆ ಊಟವನ್ನು ದಾಟಿ ಮುಂದೆ ಹೋಗಬಹುದೇನೋ ಎಂದು ಪೆನ್ನು ಹಿಡಿದಿದ್ದೇನೆ.

ವಿಷಯ ಇಷ್ಟೇ. ಈ ಶರತ್ಕಾಲದಲ್ಲಿ ಒಂದು ಮ್ಯಾರಥಾನ್ ಓಡಬೇಕೆಂದಿದ್ದೇನೆ. ಅರ್ಧದ್ದಲ್ಲ, ಪೂರ್ತಿ ನಲವತ್ತೆರಡು ಕಿಲೋಮೀಟರಿನದು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಸ್ಟೂಲಿನ ಮೇಲೆ ಕೂತು ಗಾಜು ಉಜ್ಜಿ ಉಜ್ಜಿ ಸೊಂಟ ಹಿಡಿದುಹೋಗಿತ್ತು. ಜನವರಿಯಿಂದ ಬೆಳಿಗ್ಗೆ ಎದ್ದು ಓಡುತ್ತಿದ್ದೇನೆ. ಅಂಗಡಿಯ ಯಜಮಾನರಿಗೆ ಇದು ಅರ್ಥವೇ ಆಗುವುದಿಲ್ಲ. ಯಾರೂ ಅಟ್ಟಿಸಿಕೊಂಡು ಬರದೆ ಇರುವಾಗ ಯಾಕಮ್ಮ ಓಡ್ತೀಯ ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಾರೆ.

ಯಾವ ಊರಿನದು ಓಡಲಿ ಎಂದು ಇಲ್ಲಿಯ ಓಟಗಾರರನ್ನು ಕೇಳಿದರೆ, ಒಬ್ಬೊಬ್ಬರೂ ತಾವು ಬೇಗ ಮುಗಿಸಿದ ಊರನ್ನೇ ಹೊಗಳುತ್ತಾರೆ. ನನಗೆ ಬೇಗ ಬೇಡ, ಖುಷಿ ಬೇಕು. ಆಗ ಹೊಳೆಯಿತು. ಐದು ಊರಿನ ಮ್ಯಾರಥಾನ್‌ಗಳನ್ನು ವರ್ಷ ವರ್ಷ ಮೊದಲಿನಿಂದ ಕೊನೆಯವರೆಗೆ ನೋಡಿದವನು ನಮ್ಮ ಮನೆಯಲ್ಲೇ ಇದ್ದಾನೆ, ಅದೂ ಡ್ರೈವರ್ ಸೀಟಿನಲ್ಲಿ ಕೂತು. ಒಂದು ಆರಿಸಿಕೊಡು.

ಆ ದಿನದ ವಿಷಯ ನಾನು ಬರೆಯುವುದಿಲ್ಲ. ನೀನೂ ಬರೆಯಬೇಡ.

ನಿನ್ನ
ಚೂಟಿ


ಏಪ್ರಿಲ್ 21

ಚೂಟಿ,

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ನನಗೆ ಬರೆದು ಅಭ್ಯಾಸವಿರುವುದು ಡಿಪೋದ ಟ್ರಿಪ್ ಶೀಟು ಮಾತ್ರ: ಹೊರಟ ಸಮಯ, ಮುಟ್ಟಿದ ಸಮಯ, ಗಾಡಿಯ ಮೇಲೆ ದೂರು ಏನಾದರೂ ಇದ್ದರೆ ಅದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನೀನು ಮತ್ತೆ ಓಡುತ್ತಿದ್ದೀಯೆಂದು ಓದಿ ತುಂಬಾ ಸಂತೋಷವಾಯಿತು. ಆಮೇಲೆ ಮರೆತುಹೋದೀತು ಎಂದು ಇದನ್ನು ಮೊದಲೇ ಬರೆದುಬಿಟ್ಟಿದ್ದೇನೆ.

ಮುಂದೆ ಓಡಿದವರನ್ನು ಏನೂ ಕೇಳಬಾರದು. ಅವರು ಗಡಿಯಾರ ನೋಡಿರುತ್ತಾರೆ, ಊರು ನೋಡಿರುವುದಿಲ್ಲ. ನನ್ನ ಗಾಡಿ ಎಲ್ಲರಿಗಿಂತ ಹಿಂದೆ. ನಿಗದಿಯಾದ ಸಮಯದೊಳಗೆ ಬರಲಾಗದವರನ್ನು ಹತ್ತಿಸಿಕೊಂಡು ಮೈದಾನಕ್ಕೆ ತಂದು ಬಿಡುವುದು ನನ್ನ ಕೆಲಸ. ಓಟಗಾರರು ಅದಕ್ಕೆ ಪೊರಕೆ ಬಸ್ಸು ಎಂದು ಹೆಸರಿಟ್ಟಿರುವುದು ನಿನಗೂ ಗೊತ್ತು. ಹತ್ತುವವರ ಮುಖ ನೋಡಿದರೆ ಸಾಕು, ಆ ಓಟ ಎಂಥದ್ದೆಂದು ನನಗೆ ತಿಳಿದುಬಿಡುತ್ತದೆ.

ಬಂದರಿನ ಊರಿನದು ಸೆಪ್ಟೆಂಬರ್ ಕೊನೆಗೆ. ರಸ್ತೆ ಸಮತಟ್ಟು, ಕಾಗದದ ಮೇಲೆ ನೋಡಿದರೆ ಇದರಷ್ಟು ಸಲೀಸು ಇನ್ನೊಂದಿಲ್ಲ. ಆದರೆ ವಾಪಸು ಬರುವಾಗ ಹದಿನೈದು ಕಿಲೋಮೀಟರ್ ಎದುರುಗಾಳಿ. ಅಲ್ಲಿ ಹತ್ತುವವರು ಸಿಟ್ಟಿನಲ್ಲಿ ಹತ್ತುತ್ತಾರೆ. ಗಾಳಿಯನ್ನು ಬಯ್ಯಲಾಗದೆ ನನ್ನನ್ನು ಬಯ್ಯುತ್ತಾರೆ.

ಬೆಟ್ಟದ ಊರಿನದು ಬೇಡವೇ ಬೇಡ. ಮೊದಲ ಇಪ್ಪತ್ತು ಕಿಲೋಮೀಟರ್ ಬರೀ ಇಳಿಜಾರು. ಹಾಡಿಕೊಂಡು ಇಳಿದವರೆಲ್ಲ ಇಪ್ಪತ್ತೆಂಟಕ್ಕೆ ಮಂಡಿ ಹಿಡಿದುಕೊಂಡು ಕೂತಿರುತ್ತಾರೆ. ಬಸ್ಸಿನ ಮೆಟ್ಟಿಲನ್ನು ಅಡ್ಡಡ್ಡ ಹತ್ತುತ್ತಾರೆ, ಏಡಿಗಳ ಹಾಗೆ.

ದೊಡ್ಡ ನಗರದ್ದು ಅಕ್ಟೋಬರ್ ಮೊದಲ ಭಾನುವಾರ. ಮೂಲೆ ಮೂಲೆಗೆ ವಾದ್ಯದವರು, ಕುಣಿಯುವವರು. ಮೂವತ್ತು ಸಾವಿರ ಜನ ಓಡುತ್ತಾರೆ. ಆದರೆ ನನ್ನ ಬಸ್ಸು ಹೋಗುವ ಹೊತ್ತಿಗೆ ವಾದ್ಯದವರು ಗಂಟುಮೂಟೆ ಕಟ್ಟಿರುತ್ತಾರೆ. ಕೊನೆಯವರ ಪಾಲಿಗೆ ಸಿಗುವುದು ತುಳಿದು ಚಪ್ಪಟೆಯಾದ ನೀರಿನ ಲೋಟಗಳು ಮಾತ್ರ. ಅಲ್ಲಿ ಹತ್ತುವವರು ಅಳುತ್ತಾರೆ.

ನದಿಯ ದಂಡೆಯ ಊರಿನದು ನವೆಂಬರ್ ಮೊದಲ ವಾರ. ಆರುನೂರು ಜನ ಸೇರಿದರೆ ಹೆಚ್ಚು. ದಾರಿಯುದ್ದಕ್ಕೂ ಮರಗಳು, ಎಲೆಯೆಲ್ಲ ಹಳದಿ. ಮನೆಯವರು ಕುರ್ಚಿ ಹೊರಗೆ ಹಾಕಿ ಕೂರುತ್ತಾರೆ. ಮೊದಲನೆಯವನಿಗೆ ಎಷ್ಟು ಚಪ್ಪಾಳೆಯೋ ಕೊನೆಯವಳಿಗೂ ಅಷ್ಟೇ. ಹೋದ ವರ್ಷ ಒಬ್ಬ ಹೆಂಗಸು ಬಾಳೆಹಣ್ಣು ತಿನ್ನುತ್ತಾ, ಯಾರೋ ಕೊಟ್ಟ ಹೂವಿನ ಕುಂಡ ಕಂಕುಳಲ್ಲಿ ಇಟ್ಟುಕೊಂಡು ಹತ್ತಿದಳು. ಸೋತು ಹತ್ತಿದವರೇ ನಗುವ ಓಟ ನಾನು ನೋಡಿದ್ದರಲ್ಲಿ ಇದೊಂದೇ.

ನನ್ನ ಮತ ಅದಕ್ಕೆ. ಕಾಲುಚೀಲ ಹೊಸದು ಹಾಕಿಕೊಂಡು ಹೋಗಬೇಡ, ನಾಲ್ಕು ಸಲ ಒಗೆದದ್ದಿರಲಿ.

ಇತಿ
ಅಪ್ಪ

ಇದು ಅಮ್ಮ: ನನಗೆ ಮೂವತ್ತು ವರ್ಷದಲ್ಲಿ ಒಂದು ಸಾಲು ಬರೆಯದ ಮನುಷ್ಯ ಇಷ್ಟುದ್ದ ಬರೆದಿದ್ದಾರೆ. ಹೊಟ್ಟೆ ಉರಿಯಿತು. ಬೇಗ ಉತ್ತರ ಬರಿ.


ಮೇ 30

ಅಪ್ಪ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿ ಒಬ್ಬಳೇ ನಕ್ಕೆ. ಯಜಮಾನರು ಏನೆಂದು ಕೇಳಿದರು, ಏಡಿಗಳ ಭಾಗ ಓದಿ ಹೇಳಿದೆ. ಅವರು ಆ ಬೆಟ್ಟದ ಊರಿನವರಂತೆ. ಎರಡು ದಿನ ಮುಖ ಊದಿಸಿಕೊಂಡಿದ್ದರು.

ಈಗ ವಾರಕ್ಕೆ ನಾಲ್ಕು ದಿನ ಓಡುತ್ತೇನೆ, ಭಾನುವಾರ ಇಪ್ಪತ್ತು ಕಿಲೋಮೀಟರ್. ಕಾಲುಬೆರಳಿನ ಒಂದು ಉಗುರು ಕೈಕೊಟ್ಟಿದೆ. ಉಳಿದವು ಸದ್ಯಕ್ಕೆ ನನ್ನ ಜೊತೆಗಿವೆ.

ನದಿಯ ದಂಡೆಯದು ನನಗೂ ಇಷ್ಟವಾಯಿತು. ಆದರೆ ಅರ್ಜಿ ತುಂಬಲು ಕೂತಾಗ ಒಂದು ಲೆಕ್ಕ ತಪ್ಪಿತು. ಐದು ಊರಿಗೆ ಹೋಗುತ್ತೀಯ, ಬರೆದಿರುವುದು ನಾಲ್ಕು. ನಮ್ಮೂರಿನದನ್ನು ಯಾಕೆ ಬಿಟ್ಟೆ?

ಬರೆಯಬೇಡ ಎಂದವಳು ನಾನೇ, ಬರೆಯುತ್ತಿರುವವಳೂ ನಾನೇ. ನಮ್ಮೂರಿನಲ್ಲಿ ನನ್ನ ಮೊದಲ ಮ್ಯಾರಥಾನ್. ಮೂವತ್ತೈದನೇ ಕಿಲೋಮೀಟರಿನ ಹಲಗೆಗೆ ಇನ್ನು ಇನ್ನೂರು ಹೆಜ್ಜೆ ಇರುವಾಗ ನಿನ್ನ ಬಸ್ಸು ಪಕ್ಕಕ್ಕೆ ಬಂದು ನಿಂತಿತು. ಬಾಗಿಲು ತೆರೆಯಿತು. "ಟೈಮ್ ಆಯ್ತು, ಹತ್ತಮ್ಮ" ಅಂದೆ, ಬೇರೆ ಯಾರಿಗೋ ಹೇಳುವ ಹಾಗೆ. ನಾನು ಹತ್ತಿ ಕೊನೆಯ ಸೀಟಿನಲ್ಲಿ ಕೂತೆ. ಅಲ್ಲಿಂದ ಈಚೆಗೆ ನಾವು ಮಾತಾಡಿಲ್ಲ. ಆರನೇ ದಿನ ಈ ಊರಿಗೆ ಬಂದೆ. ಮತ್ತೆ ಮನೆಗೆ ಬಂದಿಲ್ಲ.

ನಿನಗೆ ಬೇಜಾರಾಗಲಿ ಎಂದು ಬರೆಯುತ್ತಿಲ್ಲ. ನೀನು ಒಂದು ಊರನ್ನು ಬಿಟ್ಟು ಬರೆದದ್ದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿದೆ. ಹೇಳಿಬಿಡು.

ಚೂಟಿ


ಜೂನ್ 14

ಚೂಟಿ,

ಇದನ್ನು ಹರಿಯುವುದಿಲ್ಲ ಎಂದು ತೀರ್ಮಾನಿಸಿಯೇ ಕೂತಿದ್ದೇನೆ. ನಿನ್ನ ಅಮ್ಮ ಹೊಲಿಗೆ ಕ್ಲಾಸಿಗೆ ಹೋಗಿದ್ದಾಳೆ. ಅವಳಿಗೂ ಇದು ಗೊತ್ತಿಲ್ಲ.

ನನ್ನ ವಾಚು ಐದು ನಿಮಿಷ ಮುಂದಿರುತ್ತದೆ. ಕೆಲಸಕ್ಕೆ ಸೇರಿದ ವಾರ ಮೊದಲ ಟ್ರಿಪ್ಪಿಗೆ ಎರಡು ನಿಮಿಷ ತಡವಾಗಿ ಹೋಗಿ ಎಲ್ಲರ ಮುಂದೆ ಬೈಸಿಕೊಂಡಿದ್ದೆ. ಆ ಸಂಜೆಯೇ ಮುಂದಿಟ್ಟುಕೊಂಡೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಆಮೇಲೆ ಒಂದು ದಿನವೂ ತಡವಾಗಿಲ್ಲ. ಐದು ಕಳೆದು ನೋಡುವುದು ನನಗೆ ಉಸಿರಾಡಿದಷ್ಟು ಅಭ್ಯಾಸ.

ಪೊರಕೆ ಬಸ್ಸಿನಲ್ಲಿ ನನ್ನ ವಾಚಿಗೆ ಕೆಲಸವಿಲ್ಲ. ಓಟ ನಡೆಸುವವರ ಕಡೆಯ ಅಧಿಕಾರಿಯೊಬ್ಬರು ಸರಿಯಾದ ಗಡಿಯಾರ ಹಿಡಿದು ಪಕ್ಕದಲ್ಲಿ ಕೂತಿರುತ್ತಾರೆ, ಅವರು ಹೇಳಿದಾಗ ನಾನು ನಿಲ್ಲಿಸುತ್ತೇನೆ. ಆ ದಿನ ಮೂವತ್ತನೇ ಕಿಲೋಮೀಟರಿನಲ್ಲಿ ಒಬ್ಬರು ಕುಸಿದುಬಿದ್ದರು. ಅಧಿಕಾರಿ ಅವರ ಜೊತೆ ಆಂಬ್ಯುಲೆನ್ಸಿನಲ್ಲಿ ಹೋದರು. ಹೋಗುವಾಗ "ಮುಂದಿನ ಹಲಗೆ ಹನ್ನೊಂದು ಇಪ್ಪತ್ತೈದಕ್ಕೆ ಮುಚ್ಚಿ, ಅಷ್ಟರಲ್ಲಿ ದಾಟದವರನ್ನ ಹತ್ತಿಸ್ಕೊಂಡುಬಿಡಿ, ನೀವೇ ನೋಡ್ಕೊಳಿ" ಅಂದರು.

ಮುಂದೆ ನೀನಿದ್ದೆ. ನಿನ್ನ ಕಾಲು ತಡವರಿಸುತ್ತಿತ್ತು. ಮಗಳೆಂದು ನಾನು ಒಂದು ಕ್ಷಣ ಹೆಚ್ಚು ಕೊಟ್ಟರೂ ಬಸ್ಸಿನೊಳಗೆ ಕೂತ ಹತ್ತು ಜನ ನೋಡುತ್ತಾರೆ, ಅವರಿಗೂ ಆ ಒಂದು ಕ್ಷಣ ಬೇಕಾಗಿತ್ತು ಎಂದು ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಅದರ ಗಲಾಟೆಯಲ್ಲಿ ಐದು ಕಳೆಯುವುದನ್ನು ಮರೆತೆ. ವಾಚಿನಲ್ಲಿ ಇಪ್ಪತ್ತಾರು ಆಗಿತ್ತು. ಬಾಗಿಲು ತೆರೆದೆ.

ನಿಜವಾಗಿ ಆಗಿದ್ದು ಇಪ್ಪತ್ತೊಂದು. ನಿನಗೆ ನಾಲ್ಕು ನಿಮಿಷ ಇತ್ತು. ಇನ್ನೂರು ಹೆಜ್ಜೆಗೆ ಅಷ್ಟು ಬೇಡ.

ಮಾರನೆಯ ಬೆಳಿಗ್ಗೆ ಡಿಪೋದ ಗೋಡೆ ಗಡಿಯಾರ ನೋಡಿದಾಗ ಇದು ಹೊಳೆಯಿತು. ನೀನು ಊರು ಬಿಡುವ ಮೊದಲು ಐದು ದಿನ ಮನೆಯಲ್ಲೇ ಇದ್ದೆ. ದಿನಾ ನಿನ್ನ ಕೋಣೆಯ ಬಾಗಿಲವರೆಗೆ ಬಂದು ವಾಪಸು ಹೋದೆ. ಒಂದು ದಿನವೂ ತಪ್ಪದ ಡ್ರೈವರ್ ಎಂಬ ಹೆಸರು ಹೋಗುತ್ತದೆಂದು ಹೆದರಿದೆ, ಅಷ್ಟೇ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ. ಆದ್ದರಿಂದ ನಮ್ಮೂರಿನದು ಬರೆಯಲಿಲ್ಲ. ಅದನ್ನು ಹೊಗಳಲೂ ಬಾಯಿಲ್ಲ, ತೆಗಳಲೂ ಬಾಯಿಲ್ಲ.

ನನ್ನನ್ನು ಕ್ಷಮಿಸು ಮಗಳೇ.

ಅಪ್ಪ


ಜುಲೈ 22

(ಕಾರ್ಡು)

ಚೂಟಿ, ಟಪಾಲಿನವರು ನನ್ನನ್ನು ಕಂಡರೆ ಈಗ ರಸ್ತೆಯ ಆ ಬದಿಗೆ ಹೋಗುತ್ತಾರೆ, ಪಾಪ ಅವರ ತಪ್ಪೇನಿದೆ. ಭಾನುವಾರದ ಫೋನಿನಲ್ಲೂ ನೀನು ಬೇಗ ಇಟ್ಟುಬಿಡುತ್ತೀಯೆಂದು ಅಮ್ಮ ಹೇಳಿದಳು. ಅವಳಿಗೆ ಎಲ್ಲ ಹೇಳಿದ್ದೇನೆ. ಬಯ್ಯುವುದಿದ್ದರೆ ಬೈದು ಬರಿ. ಎಷ್ಟುದ್ದ ಬೇಕಾದರೂ ಬಯ್ಯಿ. ಬರೆಯದೆ ಮಾತ್ರ ಇರಬೇಡ. ಅಪ್ಪ.


ಆಗಸ್ಟ್ 9

ಅಪ್ಪ,

ನಿನ್ನ ಮೇಲಿನ ಸಿಟ್ಟಿಗೆ ತಡಮಾಡಿದ್ದಲ್ಲ. ನಾಚಿಕೆಯಿಂದ. ಏಳು ವಾರ ನಿನ್ನ ಕಾಗದ ಅಂಗಡಿಯ ಡ್ರಾಯರಿನಲ್ಲಿ ಗಾಜಿನ ಬಿಲ್ಲೆಗಳ ಕೆಳಗಿತ್ತು. ಪ್ರತಿ ಸಲ ಡ್ರಾಯರು ಎಳೆದಾಗ ನಿನ್ನ ಅಕ್ಷರ ಕಾಣಿಸುತ್ತಿತ್ತು.

ನನ್ನ ಕೈಯಲ್ಲೂ ವಾಚಿತ್ತು ಅಪ್ಪ.

ಓಡುವವರು ಯಾರು ವಾಚಿಲ್ಲದೆ ಓಡುತ್ತಾರೆ? ನೀನು ಬಾಗಿಲು ತೆರೆದಾಗ ನನ್ನದರಲ್ಲಿ ಹನ್ನೊಂದು ಇಪ್ಪತ್ತೊಂದು. ಹಲಗೆ ಕಣ್ಣಿಗೆ ಕಾಣುತ್ತಿತ್ತು. "ಅಪ್ಪ, ಇನ್ನೂ ಟೈಮ್ ಇದೆ" ಅಂದಿದ್ದರೆ ನೀನು ತಕ್ಷಣ ಬಾಗಿಲು ಮುಚ್ಚುತ್ತಿದ್ದೆ. ಅನ್ನಲಿಲ್ಲ. ಮೂವತ್ಮೂರನೇ ಕಿಲೋಮೀಟರಿನಿಂದಲೇ ನನ್ನ ಕಥೆ ಮುಗಿದಿತ್ತು. ಹಿಂದೆ ನಿನ್ನ ಗಾಡಿಯ ಶಬ್ದ ಕೇಳಿಸುತ್ತಿತ್ತು, ಬೇಗ ಬರಬಾರದೇ ಎಂದು ಬೇಡಿಕೊಳ್ಳುತ್ತಿದ್ದೆ. ನೀನು ಟೈಮ್ ಆಯ್ತು ಅಂದಾಗ ಬದುಕಿದೆ ಅನ್ನಿಸಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮೈದಾನದಲ್ಲಿ ಇಳಿದಾಗ ಅಮ್ಮ ನನ್ನ ಮುಖ ನೋಡಿ ಏನಾಯ್ತೆಂದು ಕೇಳಿದಳು. "ಅಪ್ಪಾನೇ ಹತ್ತಿಸ್ಬಿಟ್ಟ" ಅಂದೆ. ಅತ್ತೆಗೂ ಅದನ್ನೇ ಹೇಳಿದೆ, ಗೆಳತಿಯರಿಗೂ ಅದನ್ನೇ. ಎಲ್ಲರೂ ಅಯ್ಯೋ ಪಾಪ ಅಂದರು. ಆ ಅಯ್ಯೋ ಪಾಪ ಹಿತವಾಗಿತ್ತು. ಅಮ್ಮ ನಿನ್ನ ಜೊತೆ ಮಾತು ಬಿಟ್ಟಳು. ನೀನು ಒಂದು ಮಾತೂ ವಾದಿಸದೆ ಒಬ್ಬನೇ ಕೂತು ಊಟ ಮಾಡುವುದನ್ನು ಬಾಗಿಲ ಸಂದಿಯಿಂದ ನೋಡಿದೆ. ಆಗಲಾದರೂ ಬಂದು ಹೇಳಬೇಕಿತ್ತು. ಹೇಳದೆ ಊರು ಬಿಟ್ಟೆ. ಸಿಟ್ಟಿಗೆ ಮನೆಗೆ ಬರುತ್ತಿಲ್ಲ ಎಂದು ನೀವೆಲ್ಲ ಅಂದುಕೊಂಡಿರಿ. ನಿನ್ನ ಮುಖ ನೋಡಲಾಗದೆ ಬರಲಿಲ್ಲ.

ನೀನು ನಿನ್ನ ತಪ್ಪನ್ನು ಮೂರು ವರ್ಷ ಹೊತ್ತೆ. ನಾನು ನನ್ನದನ್ನೂ ನಿನ್ನ ಹೆಗಲಿಗೇ ಹಾಕಿಬಂದೆ. ಈಗ ನೀನು ಕ್ಷಮೆ ಕೇಳಿದ್ದೀಯ, ನನಗೆ ಭೂಮಿಗೆ ಇಳಿದುಹೋಗುವಷ್ಟಾಯಿತು. ಕೇಳಬೇಕಾದವಳು ನಾನು. ಕ್ಷಮಿಸು ಅಪ್ಪ.

ಓಟ ಆರಿಸಿದ್ದೇನೆ. ನದಿಯ ದಂಡೆಯದು ಚೆಂದವೇ ಇರಬೇಕು, ಇನ್ನೊಂದು ವರ್ಷ ಹೋಗೋಣ. ಅಕ್ಟೋಬರ್ 18, ನಮ್ಮೂರು. ಬೇರೆ ಎಲ್ಲಿ ಓಡಿದರೂ ಆ ಇನ್ನೂರು ಹೆಜ್ಜೆ ನನ್ನ ಹಿಂದೆಯೇ ಬರುತ್ತವೆ. ಅವನ್ನು ಓಡಿ ಮುಗಿಸಿದರೇ ನನಗೆ ಖುಷಿ.

ಒಂದು ಷರತ್ತು. ಪೊರಕೆ ಬಸ್ಸನ್ನು ನೀನೇ ಓಡಿಸಬೇಕು. ಆ ದಿನ ರಜೆ ಹಾಕಿದರೆ ನಾನು ಬರುವುದಿಲ್ಲ.

ಚೂಟಿ


ಆಗಸ್ಟ್ 18

ಚೂಟಿ,

ರಜೆ ಹಾಕಬೇಕೆಂದೇ ಇದ್ದೆ. ನಿನಗೆ ಹೇಗೆ ತಿಳಿಯಿತೋ.

ನಿನ್ನ ಕಾಗದ ಓದಿ ಸ್ವಲ್ಪ ಹೊತ್ತು ಹಿತ್ತಲಲ್ಲಿ ಕೂತಿದ್ದೆ. ಸಿಟ್ಟು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಮೂವತ್ಮೂರರಿಂದ ನಿನಗೆ ಅಷ್ಟು ಕಷ್ಟವಾಗಿತ್ತು, ಎರಡು ಕಿಲೋಮೀಟರ್ ನಿನ್ನ ಬೆನ್ನನ್ನೇ ನೋಡುತ್ತಾ ಬಂದ ನನಗೆ ಅದು ಗೊತ್ತಾಗಲಿಲ್ಲವಲ್ಲ ಎಂದು ಸಂಕಟವಾಯಿತು. ಕ್ಷಮೆಯ ಲೆಕ್ಕ ಇಲ್ಲಿಗೆ ಮುಗಿಯಲಿ. ನೀನು ಬಾ.

ಗಾಡಿ ನಾನೇ ಓಡಿಸುತ್ತೇನೆ. ಆದರೆ ಒಂದು ಮಾತು ಈಗಲೇ ಹೇಳಿರುತ್ತೇನೆ. ಗಡಿಯಾರದವರು ಪಕ್ಕದಲ್ಲಿರುತ್ತಾರೆ, ಸಮಯ ಮೀರಿದ್ದರೆ ಅವರು ಹೇಳುತ್ತಾರೆ, ನಾನು ಬಾಗಿಲು ತೆರೆಯುತ್ತೇನೆ. ಮಗಳೆಂದು ತೆರೆಯದೆ ಇರಲು ನನ್ನಿಂದ ಆಗುವುದಿಲ್ಲ. ಚೆನ್ನಾಗಿ ತಯಾರಿ ಮಾಡಿಕೊಂಡು ಬಾ. ನಿನ್ನನ್ನು ಎರಡನೇ ಸಲ ಹತ್ತಿಸುವ ಶಕ್ತಿ ನನಗಿಲ್ಲ.

ಅಪ್ಪ

ಇದು ಅಮ್ಮ: ಇಬ್ಬರ ಮೇಲೂ ಸಿಟ್ಟಿದೆ. ಆಗ ಅವರ ಜೊತೆ ಹತ್ತು ದಿನ ಮಾತು ಬಿಟ್ಟೆನಲ್ಲ, ಅದರಲ್ಲಿ ಐದು ದಿನ ನಿನಗೆ ಸೇರಬೇಕಾದದ್ದು. ನೀನು ಬಂದ ಮೇಲೆ ತೀರಿಸಿಕೊಳ್ಳುತ್ತೇನೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.


ಅಕ್ಟೋಬರ್ 23

ಚೂಟಿ,

ನೀನು ರೈಲು ಹತ್ತಿ ಎರಡು ದಿನವಾಯಿತು. ನಿನ್ನ ಅಮ್ಮ ಐದು ದಿನ ಮಾತು ಬಿಡುತ್ತೇನೆಂದವಳು ಐದು ನಿಮಿಷವೂ ಬಿಡಲಿಲ್ಲ. ನೀವಿಬ್ಬರೂ ಸೇರಿ ಮೂರು ದಿನ ನನ್ನ ತಲೆ ತಿಂದಿರಿ, ನನಗೆ ಒಂದು ಮಾತಿಗೂ ಜಾಗ ಸಿಗಲಿಲ್ಲ. ಆದ್ದರಿಂದ ಹೇಳಬೇಕಾದದ್ದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ಆರಕ್ಕೆ ನೀವೆಲ್ಲ ಹೊರಟಾಗ ನಿನ್ನ ನೀಲಿ ಅಂಗಿ ಒಂದು ಸಲ ಕಂಡಿತು. ಆಮೇಲೆ ಗುಂಪಿನಲ್ಲಿ ಸೇರಿಹೋಯಿತು. ನನ್ನ ಗಾಡಿ ಕೊನೆಗೆ ಹೊರಟಿತು. ಪಕ್ಕದಲ್ಲಿ ಗಡಿಯಾರ ಹಿಡಿದ ಅಧಿಕಾರಿ, ಒಳ್ಳೆಯವರು, ತುಂಬಾ ಮಾತು. ತಮ್ಮ ಮೂವರು ಅಳಿಯಂದಿರ ಗುಣಗಾನ ಮಾಡುತ್ತಿದ್ದರು. ನನ್ನ ಕಿವಿ ಅಲ್ಲಿರಲಿಲ್ಲ.

ಹತ್ತನೇ ಕಿಲೋಮೀಟರಿನಲ್ಲಿ ನಿಧಾನಕ್ಕೆ ಓಡುವವರ ಬೆನ್ನುಗಳು ಕಾಣತೊಡಗಿದವು. ಒಂದೊಂದನ್ನೂ ನೋಡಿದೆ. ಕೆರೆಯ ಏರಿಯ ಮೇಲೆ ರಸ್ತೆ ನೇರ, ಒಂದು ಕಿಲೋಮೀಟರ್ ಮುಂದಿನವರೆಗೂ ಕಾಣುತ್ತದೆ. ಅಲ್ಲಿ ಒಂದು ನೀಲಿ ಅಂಗಿ ಕುಂಟುತ್ತಿತ್ತು. ಹತ್ತಿರ ಹೋದರೆ ಯಾರೋ ಗಂಡಸು, ನನ್ನಷ್ಟೇ ವಯಸ್ಸು. ಅವರನ್ನು ಹತ್ತಿಸಿಕೊಂಡು ನೀರು ಕೊಟ್ಟೆ. ಅವರು ನೀಲಿ ಹಾಕಿಕೊಂಡದ್ದಕ್ಕೆ ಮನಸ್ಸಿನಲ್ಲೇ ಬೈದುಕೊಂಡೆ.

ಮೂವತ್ತಕ್ಕೆ ಬಂದಾಗ ಬಸ್ಸಿನಲ್ಲಿ ಹನ್ನೆರಡು ಜನ. ಅಧಿಕಾರಿ ಅಳಿಯಂದಿರನ್ನು ಬಿಟ್ಟು, ಯಾಕೆ ಇಷ್ಟು ಬೆವರ್ತಿದೀರಿ ಎಂದು ಕೇಳಿದರು. ಆಗ ಹೇಳಿದೆ. ನನ್ನ ಮಗಳು ಓಡ್ತಿದಾಳೆ, ಅವಳು ಕಂಡ್ರೆ ಹತ್ತಿಸ್ಬೇಕಲ್ಲ ಎಂದೆ. ಗಡಿಯಾರ ತೊಡೆಯ ಮೇಲಿಟ್ಟುಕೊಂಡು ಅವರೂ ರಸ್ತೆಯನ್ನೇ ನೋಡುತ್ತಾ ಕೂತರು.

ಗಿರಣಿಯ ಗೋಡೆ ದಾಟಿ ತಿರುಗಿದರೆ ಮೂವತ್ತೈದರ ಹಲಗೆ. ತಿರುವಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೆ. ತಿರುಗಿದೆ. ಹನ್ನೊಂದು ಇಪ್ಪತ್ತನಾಲ್ಕು. ರಸ್ತೆಯಲ್ಲಿ ಇಬ್ಬರು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ನಡೆಯುತ್ತಿದ್ದರು, ನೀರಿನ ಮೇಜಿನವರು ಬಟ್ಟೆ ಮಡಚುತ್ತಿದ್ದರು. ಅಷ್ಟೇ. ಅಧಿಕಾರಿ ಇಳಿದುಹೋಗಿ ನಿನ್ನ ಅಂಗಿಯ ನಂಬರು ಹೇಳಿ ಕೇಳಿಕೊಂಡು ಬಂದರು. ನೀನು ದಾಟಿ ಐವತ್ತು ನಿಮಿಷವಾಗಿತ್ತಂತೆ. ಆ ಇಬ್ಬರು ಹೆಂಗಸರೂ ಸಮಯದೊಳಗೆ ದಾಟಿದರು. ನಾನು ಸ್ಟಿಯರಿಂಗಿನ ಮೇಲೆ ತಲೆಯಿಟ್ಟೆ. ಹಿಂದಿನಿಂದ ಯಾರೋ ಡ್ರೈವರ್‌ಗೆ ಹುಷಾರಿಲ್ಲವಾ ಎಂದು ಕೇಳಿದರು. ನೀಲಿ ಅಂಗಿಯವರು ತಮ್ಮ ಕಿತ್ತಳೆಯಲ್ಲಿ ಅರ್ಧ ಸುಲಿದು ಕೊಟ್ಟರು. ತಿಂದೆ.

ನಾನು ಮೈದಾನ ಮುಟ್ಟಿದಾಗ ನೀನು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಹುಲ್ಲಿನ ಮೇಲೆ ಮಲಗಿ ನಿದ್ದೆ ಹೋಗಿದ್ದೆ. ಶೂ ಬಿಚ್ಚಿತ್ತು, ಪದಕ ಕೊರಳಲ್ಲೇ ಇತ್ತು. ಅಮ್ಮ ಏಳಿಸಲು ಹೋದಳು, ಬೇಡವೆಂದೆ. ನೀನು ಗೆರೆ ದಾಟುವುದನ್ನು ನಾನು ನೋಡಲಿಲ್ಲವೆಂದು ನಿನಗೆ ಬೇಜಾರಾಯಿತು ಅಲ್ಲವೇ? ರೈಲಿನ ಕಿಟಕಿಯಲ್ಲಿ ಕೂತು ಎರಡು ಸಲ ಅಂದೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ಮೂರು ವರ್ಷ ನೀನು ಕಣ್ಣಿಗೆ ಬೀಳಲಿಲ್ಲವೆಂದು ಕೊರಗಿದವನು ನಾನು. ಮೊನ್ನೆ ಭಾನುವಾರ ಮಾತ್ರ ಪ್ರತಿ ತಿರುವಿನಲ್ಲೂ, ದೇವರೇ ನನ್ನ ಮಗಳು ಕಾಣದೆ ಇರಲಿ, ಕಾಣದೆ ಇರಲಿ ಎಂದು ಬೇಡಿಕೊಂಡು ನಲವತ್ತೆರಡು ಕಿಲೋಮೀಟರ್ ಗಾಡಿ ಓಡಿಸಿದೆ. ಮೈದಾನದವರೆಗೂ ನೀನು ಕಾಣಲೇ ಇಲ್ಲ.

ನಿನ್ನ
ಅಪ್ಪ